ಅವಧಿ ಮುಗಿದ ಪಾಠಗಳು

ಯಾಕೂಬ್ ದುಬೈಯಿಂದ ಹೆಂಡತಿಗೆ ಕಂಪ್ಯೂಟರ್ ಕಳಿಸಿದಾಗ ಅದರಲ್ಲಿ ಅಕೌಂಟ್ಸ್ ಕಲಿಸುವ ವಿಡಿಯೋ ಪಾಠಗಳನ್ನೂ ತುಂಬಿಸಿದ್ದ. "ನೀನು ಕಲಿತುಕೊ. ನಾನು ಬಂದ ಮೇಲೆ ಗುರುವಾಯನಕೆರೆಯಲ್ಲೇ ಒಂದು ಅಂಗಡಿ ಇಡುವ" ಎಂದು ಫೋನಿನಲ್ಲಿ ಹೇಳಿದ್ದ. ಸಾಲಿಹಾ ಅರ್ಧದಷ್ಟು ಪಾಠಗಳನ್ನು ಮುಗಿಸುವಷ್ಟರಲ್ಲಿ ಅಲ್ಲಿ ರಸ್ತೆ ಅಪಘಾತವಾಗಿ ಅವನು ತೀರಿಕೊಂಡ. ಮಣ್ಣು ಮಾಡಿದ್ದೂ ಅಲ್ಲೇ.

ಅವಳು ಗಂಡನ ಮನೆಯಲ್ಲಿ ಇದ್ದತ್ ಕೂತಳು. ವಿಧವೆ ಹೊಸಿಲು ದಾಟದೆ ಕಳೆಯಬೇಕಾದ ತಿಂಗಳುಗಳು. ಬಂದ ಹೆಂಗಸರೆಲ್ಲ ಅತ್ತು ಹೋದರು, ಆಮೇಲೆ ಬರುವುದು ಕಡಿಮೆಯಾಯಿತು. ಕಿಟಕಿಯಾಚೆ ಮೂಡುಬಿದಿರೆ ಬಸ್ಸುಗಳ ಹಾರ್ನ್ ಕೇಳುತ್ತಿತ್ತು. ಒಂದು ಬೆಳಿಗ್ಗೆ ಮನಸ್ಸು ಗಟ್ಟಿ ಮಾಡಿ ಕಂಪ್ಯೂಟರ್ ಹಾಕಿ, ನಿಲ್ಲಿಸಿದಲ್ಲಿಂದ ಪಾಠ ತೆರೆದಳು.

ಚಿತ್ರ ಬರಲಿಲ್ಲ. ಲೈಸೆನ್ಸ್ ಅವಧಿ ಮುಗಿದಿದೆ ಎಂಬ ಇಂಗ್ಲಿಷ್ ಸಾಲು ಬಂತು. ಮೊದಲಿನ ಪುಕ್ಕಟೆ ಪಾಠವೊಂದನ್ನು ಬಿಟ್ಟು ಯಾವುದನ್ನು ಒತ್ತಿದರೂ ಅದೇ ಸಾಲು. ಫೈಲುಗಳೆಲ್ಲ ಕಣ್ಣೆದುರೇ ಇದ್ದವು, ಬೇರೆ ಒಂದೂ ತೆರೆಯಲಿಲ್ಲ.

ಅವಳಿಗೆ ಒಂದು ಉಪಾಯ ಹೊಳೆಯಿತು. ಕಂಪ್ಯೂಟರಿನ ತಾರೀಕನ್ನು ಹಿಂದಕ್ಕೆ, ಯಾಕೂಬ್ ಕೊನೆಯ ಸಲ ಫೋನ್ ಮಾಡಿದ ಶುಕ್ರವಾರಕ್ಕೆ ತಂದಳು. ಗಡಿಯಾರ ಹಿಂದೆ ಸರಿಸಿದ್ದು ಪಾಠ ತೋರಿಸುವ ಸಾಫ್ಟ್‌ವೇರಿಗೆ ಗೊತ್ತಾಗಿಬಿಟ್ಟಿತು. ಅವಧಿಯಿಲ್ಲದ ಮೊದಲಿನ ಪುಕ್ಕಟೆ ಪಾಠಕ್ಕೂ ಬೀಗ ಬಿತ್ತು. ಪರದೆಯ ಮೂಲೆಯಲ್ಲಿ ಮಾತ್ರ ಅವನು ಬದುಕಿದ್ದ ದಿನ. ಅದನ್ನು ಸರಿಮಾಡಲು ಅವಳಿಗೆ ಕೈ ಬರಲಿಲ್ಲ.

ಅಣ್ಣ ಹಸನಬ್ಬ ಬಂದಾಗ ವಿಷಯ ಹೇಳಿದಳು. ಅವನು ಕಂಪೆನಿಗೆ ಫೋನ್ ಮಾಡಿ, ತುಂಬ ಹೊತ್ತು ಮಾತಾಡಿ ಇಟ್ಟ.

"ಅವಧಿ ಮುಂದುವರಿಸಬೇಕಾದರೆ ತೆಗೆದುಕೊಂಡವರೇ ಕೇಳಬೇಕಂತೆ."

"ತೀರಿಹೋಗಿದ್ದಾರೆ ಅಂತ ಹೇಳಲಿಲ್ವಾ?"

"ಹೇಳಿದೆ. ಹೆಸರು ಬದಲಾಯಿಸುವ ಕ್ರಮ ಇಲ್ಲ ಅಂತಾರೆ."

ಪಕ್ಕದ ಕೋಣೆಯಿಂದ ಅತ್ತೆ ಮೆಲ್ಲಗೆ ಹೇಳಿದರು: "ಅದೆಲ್ಲ ಇನ್ನು ಯಾಕೆ ಮಗಳೇ? ನಿನಗೆ ಇಲ್ಲಿ ಏನು ಕಡಿಮೆ ಉಂಟು?"

ಆ ದನಿಯಲ್ಲಿ ಪ್ರೀತಿಯೇ ಇತ್ತು. ಜಗಳವಾಡುವವರಾದರೆ ತಿರುಗಿ ಮಾತಾಡಬಹುದಿತ್ತು.

"ಅಣ್ಣ, ಮೂಡುಬಿದಿರೆಯಲ್ಲಿ ಅಕೌಂಟ್ಸ್ ಕ್ಲಾಸ್ ಉಂಟಂತೆ. ನನ್ನ ಹೆಸರು ಕೊಟ್ಟು ಬಾ."

ಹಸನಬ್ಬ ಅತ್ತೆಯ ಕೋಣೆಯ ಕಡೆ ನೋಡಿ, "ನೋಡುವ" ಎಂದ.

ಇದ್ದತ್ ಮುಗಿದರೂ ಅವನು ಹೆಸರು ಕೊಟ್ಟಿರಲಿಲ್ಲ. ಮುಂದಿನ ಸೋಮವಾರ ಸಾಲಿಹಾ ತಾನೇ ಬುರ್ಖಾ ಹಾಕಿಕೊಂಡು ಹೊರಟಳು. ಅತ್ತೆ ಜಗಲಿಯಲ್ಲಿ ಕೂತಿದ್ದರು.

"ಯಾವಾಗ ಬರ್ತಿ?"

"ಸಂಜೆ ಬಸ್ಸಿಗೆ."

ಸಾಲಿಹಾ ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದಳು.