ಇಪ್ಪತ್ತು ಕೆಜಿಯ ಸುಳ್ಳು

ಇದು ನಡೆದ ಕಥೆ. ನಂಬದವರು ಸೂಲಿಬೆಲೆಯ ಜಿಮ್ಮಿಗೆ ಹೋಗಿ ಗೋಡೆ ಗಡಿಯಾರವನ್ನೇ ಕೇಳಬಹುದು. ಅದು ನಿಂತು ಆರು ತಿಂಗಳಾಯಿತು, ಹಾಗಾಗಿ ಯಾವ ಅವಸರವೂ ಇಲ್ಲದೆ ಸಾಕ್ಷಿ ಹೇಳುತ್ತದೆ.

ಆ ಜಿಮ್ಮಿನಲ್ಲಿ ತರಬೇತಿ ಕೊಡುವ ಮುರಳಿಯ ಹತ್ತೂ ಬೆರಳು ನೆಟ್ಟಗಿರುವುದು ಕೊಂಡಪ್ಪನಿಂದ. ಕಳೆದ ವರ್ಷ ನಂದಗುಡಿಯಲ್ಲಿರುವ ಮುರಳಿಯ ಮನೆಯವರ ಹೊಲದಲ್ಲಿ ಸುಟ್ಟ ಬೋರ್‌ವೆಲ್ ಮೋಟಾರನ್ನು ಎತ್ತುವಾಗ ಪೈಪು ಜಾರಿತು. ಬೋರಿನ ಬಾಯಿಯ ಮೇಲೆ ಮುರಳಿಯ ಕೈಯಿತ್ತು. ಮೂವತ್ತು ವರ್ಷದಿಂದ ಮೋಟಾರ್ ಎತ್ತುವುದನ್ನೇ ಕಸುಬು ಮಾಡಿಕೊಂಡಿದ್ದ ಕೊಂಡಪ್ಪ ಹಗ್ಗ ಬಿಡಲಿಲ್ಲ. ಮುರಳಿಯ ಕೈ ಉಳಿಯಿತು, ಕೊಂಡಪ್ಪನ ಬಲಭುಜದ ಕೀಲು ಕಳಚಿತು.

ಆಪರೇಷನ್ ಆಯಿತು, ತಿಂಗಳುಗಳು ಕಳೆದವು. ಹೊಸಕೋಟೆಯ ಫಿಸಿಯೋಥೆರಪಿ ಡಾಕ್ಟರ್ ಸಂಘಮಿತ್ರ ಒಂದೇ ಮಾತು ಹೇಳಿದ್ದರು: ಬಲಗೈಯಲ್ಲಿ ಇಪ್ಪತ್ತು ಕೆಜಿಯನ್ನು ನೋವಿಲ್ಲದೆ ಹತ್ತು ಸಲ ಎಳೆದರೆ ಕೆಲಸಕ್ಕೆ ಹೋಗಬಹುದು. ಅಷ್ಟರಲ್ಲಿ ಕೊಂಡಪ್ಪನ ತಂಡದವರು ಅವನ ಜಾಗಕ್ಕೆ ಬೇರೆಯವನನ್ನು ಹುಡುಕತೊಡಗಿದ್ದರು. ಆ ತಿಂಗಳೊಳಗೆ ಕೊಂಡಪ್ಪ ಬರದಿದ್ದರೆ ಹಗ್ಗ ಬೇರೆ ಕೈಗೆ ಹೋಗುತ್ತಿತ್ತು.

ಮುರಳಿ ಅವನನ್ನು ದಿನವೂ ಬೈಕಿನಲ್ಲಿ ಕರೆತರುತ್ತಿದ್ದ. ಮೊದಲ ದಿನ, ಹಿಡಿ ಎಳೆದರೆ ಭಾರದ ಪ್ಲೇಟುಗಳು ಮೇಲೇಳುವ ಹೊಸ ಕೇಬಲ್ ಮೆಷಿನ್ ಮುಂದೆ ನಿಲ್ಲಿಸಿದ. ಕೊಂಡಪ್ಪ ಇಪ್ಪತ್ತರ ಗುರುತಿಗೆ ಪಿನ್ ಸಿಕ್ಕಿಸಿ ಸಲೀಸಾಗಿ ಹತ್ತು ಸಲ ಎಳೆದ. ಜಿಮ್ಮಿನವರೆಲ್ಲ ಚಪ್ಪಾಳೆ ತಟ್ಟಿದರು. ಕೊಂಡಪ್ಪ ಮಾತ್ರ ಕತ್ತೆತ್ತಿ ಮೇಲೆ ನೋಡಿದ.

"ಲೇ ಮುರಳಿ, ಪ್ಲೇಟುಗಳ ತಲೆ ಮೇಲೆ ಒಂದು ರಾಟೆ ಕೂತೈತೆ ನೋಡ್ಲಾ. ಭಾರದ ಜೊತೆ ಅದೂ ಮೇಲಕ್ಕೆ ಓಡ್ತೈತೆ."

"ಹೌದಣ್ಣ. ಅದಕ್ಕೇನೀಗ?"

"ಭಾರ ಎರಡು ಹಗ್ಗಕ್ಕೆ ಹಂಚಿಹೋಯ್ತಲ್ಲಪ್ಪ! ಒಂದನ್ನ ತೊಲೆ ಹೊತ್ತೈತೆ, ಇನ್ನೊಂದನ್ನ ನಾನು. ಇಪ್ಪತ್ತು ಅಂತ ಬರೆದಿದ್ರೂ ನನ್ನ ಕೈಗೆ ಬಂದಿದ್ದು ಹತ್ತೇ. ನಾನು ಎರಡು ಮೊಳ ಎಳೆದ್ರೆ ಅದು ಒಂದು ಮೊಳ ಏಳ್ತೈತೆ, ನೋಡು."

ಎಳೆದು ತೋರಿಸಿದ. ಲೆಕ್ಕ ಕರಾರುವಾಕ್ಕಾಗಿತ್ತು. ಆಮೇಲೆ ಮೂಲೆಯ ಹಳೇ ಮೆಷಿನ್‌ಗೆ ಹೋದ. ಅದರಲ್ಲಿ ಓಡುವ ರಾಟೆ ಇರಲಿಲ್ಲ, ಬರೆದಷ್ಟೇ ಭಾರ. ಅಲ್ಲಿ ಹತ್ತು ಕೆಜಿ ಎಳೆದ. ಹದಿನೈದಕ್ಕೆ ಪಿನ್ ಹಾಕಿದ್ದೇ, ಎಳೆಯುವ ಮೊದಲೇ ಹಿಡಿ ಬಿಟ್ಟುಬಿಟ್ಟ. ಎರಡು ವಾರ ಇದೇ ಪಾಡು. ಅತಿ ತಿಳುವಳಿಕೆಯೇ ಅವನ ಭುಜಕ್ಕೆ ಬೀಗ ಹಾಕಿತ್ತು.

ಮುರಳಿ ಸಂಘಮಿತ್ರ ಅವರಿಗೆ ಫೋನ್ ಮಾಡಿದ. "ಸ್ನಾಯು ಗಟ್ಟಿಯಾಗಿದೆ ಮುರಳಿ, ಹೆದರಿಕೆಯೇ ಬಿಟ್ಟಿಲ್ಲ. ಸ್ವಲ್ಪ ಸ್ವಲ್ಪವೇ ಏರಿಸಿ. ನೋವು ಅಂದ ತಕ್ಷಣ ನಿಲ್ಲಿಸಿ" ಎಂದರು ಅವರು. ಮುರಳಿ ತನ್ನ ಉಪಾಯ ಹೇಳಿದಾಗ ಆ ಕಡೆಯಿಂದ ನಗು ಕೇಳಿಸಿತು. ಅದನ್ನೇ ಅವನು ಒಪ್ಪಿಗೆ ಎಂದುಕೊಂಡ.

ಮರುದಿನ ಹಳೇ ಮೆಷಿನ್ನಿನ ಮೈಯನ್ನು ಒಂದು ಫ್ಲೆಕ್ಸ್ ಮುಚ್ಚಿತ್ತು. ಊರಿನ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು, ಕೂಲಿಂಗ್ ಗ್ಲಾಸ್ ಹಾಕಿದ ಹದಿನಾರು ಮುಖಗಳು ಶುಭ ಕೋರುತ್ತಿದ್ದವು.

"ಇದಕ್ಕೂ ಓಡೋ ರಾಟೆ ಹಾಕ್ಸಿದೀವಿ ಕೊಂಡಪ್ಪಣ್ಣ. ಗ್ರೀಸ್ ಹಸಿ ಐತೆ, ಧೂಳು ಕೂರಬಾರ್ದು ಅಂತ ಮುಚ್ಚಿದೀವಿ. ಇನ್ಮೇಲೆ ಇಲ್ಲೂ ಬರೆದಿದ್ದರಲ್ಲಿ ಅರ್ಧವೇ ಭಾರ."

ರಾಟೆಯ ವಿಷಯ ಎಂದರೆ ಕೊಂಡಪ್ಪ ತಾನೇ ಬಗ್ಗಿ ನೋಡುವವನು. ಆದರೆ ಮುರಳಿ ಅಷ್ಟರಲ್ಲೇ ಸಂಘಮಿತ್ರ ಅವರ ದನಿಯನ್ನು ಅಣಕಿಸತೊಡಗಿದ್ದ: "ಕೊಂಡಪ್ಪನವರೇ, ಬೆನ್ನು ನೇರ! ಉಸಿರು ಬಿಡಿ! ಹೆಂಡತಿ ಮುಂದೆ ನಿಂತ ಹಾಗೆ ನಿಲ್ಲಬೇಡಿ!" ಕೊಂಡಪ್ಪ ನಗುತ್ತಲೇ ಹಿಡಿ ಹಿಡಿದ. ಮುರಳಿ ಫ್ಲೆಕ್ಸಿನೊಳಗೆ ಕೈ ತೂರಿಸಿ ಹದಿನೈದಕ್ಕೆ ಪಿನ್ ಹಾಕಿದ. ಅವನ ಲೆಕ್ಕದಲ್ಲಿ ಅದು ಏಳೂವರೆ.

"ಯಾಕೋ ಬಿಗಿ ಕಣೋ."

"ಹೊಸ ಬೇರಿಂಗ್ ಅಣ್ಣ. ನೋವೇನಾದ್ರೂ?"

"ನೋವು ಏನಿಲ್ಲ ಬಿಡು."

ಎಳೆಯುವಾಗೆಲ್ಲ ಮುರಳಿಯ ಕಣ್ಣು ಆ ಭುಜದ ಮೇಲೇ. ತಮಾಷೆಯೆಲ್ಲ ಬಾಯಲ್ಲಷ್ಟೇ. ಈ ತೋಳಿಗೆ ಇನ್ನೊಮ್ಮೆ ಏನಾದರೂ ಆದರೆ ತನ್ನ ಹತ್ತು ಬೆರಳನ್ನು ತಾನು ಹೇಗೆ ನೋಡಿಕೊಳ್ಳಲಿ? ಐದನೇ ದಿನ ಪಿನ್ ಇಪ್ಪತ್ತಕ್ಕೆ ಬಂತು. ಕೊಂಡಪ್ಪನಿಗೆ ಅದು ಹತ್ತು, ತನ್ನ ಹಳೇ ಪರಿಚಯದ ಹತ್ತು. ನಿಧಾನವಾಗಿ ಎಳೆದ. ಒಂದು, ಎರಡು, ಮೂರು. ಭುಜ ಹೂಂಗುಟ್ಟಿತು. ಒಂಬತ್ತು, ಹತ್ತು. ಮುರಳಿ ಆಗ ಉಸಿರು ಬಿಟ್ಟ.

ಆಗಲೇ ಫ್ಯಾನ್ ಗಾಳಿಗೆ ಫ್ಲೆಕ್ಸಿನ ಒಂದು ತುದಿ ಬಿಚ್ಚಿಕೊಂಡು ಪಟಪಟ ಎಂದಿತು. ಕೊಂಡಪ್ಪ ಹಿಡಿ ಬಿಡಲಿಲ್ಲ. ಫ್ಲೆಕ್ಸಿನ ಸಂದಿಯಲ್ಲಿ ಕಣ್ಣಿಟ್ಟು ಇನ್ನೊಮ್ಮೆ ಎಳೆದ. ಒಂದು ಮೊಳ ಎಳೆದ, ಪ್ಲೇಟುಗಳೂ ಒಂದು ಮೊಳ ಎದ್ದವು. ಮತ್ತೆ ಎಳೆದ. ಮತ್ತೆ ಅಷ್ಟೇ.

ಮುರಳಿ ಓಡಿಬಂದು ಫ್ಲೆಕ್ಸಿನ ತುದಿಯನ್ನು ಮತ್ತೆ ಸಿಕ್ಕಿಸಲು ನೋಡಿದ.

"ರಾಟೆ ಎಲ್ಲೋ?"

"ಇಲ್ಲಣ್ಣ... ಹಾಕ್ಸಿಲ್ಲ."

"ಅಂದ್ರೆ ಇದು..."

"ಪೂರ್ತಿ ಇಪ್ಪತ್ತು. ಡಾಕ್ಟರಿಗೂ ಗೊತ್ತು. ಬೈಕೋಬೇಡ. ನೀನು ಅವತ್ತು ಹಗ್ಗ ಬಿಟ್ಟಿದ್ರೆ ಇವತ್ತು ಈ ಪಿನ್ ಹಾಕೋಕೆ ನನಗೆ ಬೆರಳೇ ಇರ್ತಿರಲಿಲ್ಲ. ಅದಕ್ಕೇ..."

ಕೊಂಡಪ್ಪ ಹಿಡಿಯನ್ನು ಮೆಲ್ಲಗೆ ಇಳಿಸಿದ. ಬಲಭುಜ ಮುಟ್ಟಿ ನೋಡಿಕೊಂಡ, ಸಂತೆಯಲ್ಲಿ ಕಳೆದುಹೋದ ಮಗು ಸಿಕ್ಕಂತೆ. ಆಮೇಲೆ ಮುರಳಿಯನ್ನು ನೋಡಿದ, ಫ್ಲೆಕ್ಸಿನ ಹದಿನಾರು ಮುಖಗಳನ್ನೂ ನೋಡಿದ.

"ಮೂವತ್ತು ವರ್ಷ ರಾಟೆ ಕೆಳಗೇ ಬಾಳಿದೋನು ಕಣೋ ನಾನು! ಇಲ್ಲದ ರಾಟೇನ ನನಗೇ ಮಾರಿಬಿಟ್ಟೆಯಲ್ಲೋ, ಕಳ್ ನನ್ಮಗನೇ!"

ಮುರಳಿ ನಕ್ಕ, ಸುತ್ತಲಿದ್ದವರೂ ನಕ್ಕರು. ಆದರೆ ಕೊಂಡಪ್ಪನ ನಗು ಎಲ್ಲವನ್ನೂ ಮುಚ್ಚಿಹಾಕಿತು. ಬಗ್ಗಿ, ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕ. ಎದುರಿನ ಟೀ ಅಂಗಡಿಯವರು ಏನಾಯಿತೆಂದು ಬೀದಿಗೆ ಬಂದು ನಿಂತರೂ ಅವನು ಬಲಗೈಯಲ್ಲೇ ಮುರಳಿಯ ಬೆನ್ನಿಗೆ ರಪರಪ ಬಾರಿಸುತ್ತ ನಗುತ್ತಲೇ ಇದ್ದ.