ಡೊಂಕು ನೆಲ

ಭಾವನ ಕೈಗೆ ಸುತ್ತಿದ್ದ ಬ್ಯಾಂಡೇಜು ಇನ್ನೂ ಬಿಚ್ಚಿರಲಿಲ್ಲ. ಅಷ್ಟರಲ್ಲೇ ಕಾರ್ಖಾನೆಯ ವಿಶ್ರಾಂತಿ ಕೋಣೆಗೆ ಗೋಡೆಯಗಲದ ಟಿವಿಯೊಂದು, ಅದರ ಕೆಳಗೆ ವಿಡಿಯೋ ಗೇಮಿನ ಪೆಟ್ಟಿಗೆಯೊಂದು ಬಂದು ಕೂತವು. ಫ್ಯಾನು ಕೊಡಿ ಎಂದು ಗಂಟಲು ಹರಿದುಕೊಂಡವರಿಗೆ ಆಟದ ಪೆಟ್ಟಿಗೆ. ಕುಡಿಯುವ ನೀರಿನ ನಲ್ಲಿ ಕೆಟ್ಟು ಯಾವ ಕಾಲವಾಯಿತೋ, ಅದರ ಮುಂದೆ ಬಾಟಲಿ ಹಿಡಿದು ನಿಂತವರಿಗೆ ಆಟದ ಪೆಟ್ಟಿಗೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದವರು ಜುಟ್ಟಿನವನನ್ನು ಗೇಲಿ ಮಾಡಿದರೇ ಹೊರತು, ಹಿಟ್ಟು ಕಿತ್ತುಕೊಂಡು ಹೂವು ಮುಡಿಸುವವನನ್ನು ಕಂಡಿರಲಿಲ್ಲ.

ತಗಡಿನ ಡಬ್ಬಗಳಿಗೆ ಮುಚ್ಚಳ ಒತ್ತುವ ಕಾರ್ಖಾನೆ ಅದು. ಭಾವನ ಹಾಗೆಯೇ ಅಲ್ಲಿ ಪ್ರೆಸ್ ಓಡಿಸುವ ಅವನ ಭಾವಮೈದುನನನ್ನು ಎಲ್ಲರೂ ಕರೆಯುತ್ತಿದ್ದುದು ಗೇಮು ಎಂದೇ. ಮದುವೆಯ ಮಾತೆತ್ತಿದರೆ ‘ಈ ಹಂತ ದಾಟಲಿ, ತಡೀರಿ’ ಅನ್ನುತ್ತಾನೆಂಬ ಗೇಲಿಯಿಂದ ಅಂಟಿಕೊಂಡ ಹೆಸರು. ಹೊಸ ಪೆಟ್ಟಿಗೆಯ ವೈರು ಜೋಡಿಸಲು ಅವನಿಗೇ ಕರೆ ಬಂತು. ಅವನು ಮೊಣಕಾಲೂರಿ ಟಿವಿಯ ಬೆನ್ನಿಗೆ ಕೈ ಹಾಕಿದ್ದಾಗ ಮ್ಯಾನೇಜರ್ ಬಂದು ಹಿಂದೆ ನಿಂತ.

“ನೀನೇ ಅಲ್ವೇನಯ್ಯಾ ಗೇಮು? ನಿಮ್ಮನೇಲೂ ಇಂಥದ್ದು ಇದೆಯಂತೆ.”

“ಇದೆ ಸಾರ್. ಹಳೇದು.”

“ನೋಡು, ನಮ್ಮವರು ಖುಷಿಯಾಗಿರ್ಬೇಕು. ಖುಷಿಯಾಗಿರೋ ಕೈ ಚೆನ್ನಾಗಿ ದುಡಿಯುತ್ತೆ.”

ಕೈ ಎಂಬ ಮಾತು ಅವನ ಬಾಯಿಂದ ಎಷ್ಟು ಸಲೀಸಾಗಿ ಜಾರಿ ಬಂತು! ಅದೇ ಗೋಡೆಯ ಆಚೆ ಬದಿಯ ಪ್ರೆಸ್ಸಿನಲ್ಲಿ ಗೇಮುವಿನ ಭಾವ, ಅಕ್ಕನ ಗಂಡ, ಬಲಗೈ ಹೆಬ್ಬೆರಳನ್ನು ಬುಡಸಮೇತ ಕಳೆದುಕೊಂಡಿದ್ದ. ಅದು ಗೊತ್ತಿದ್ದೂ ಹೊಸ ಕಂಟ್ರೋಲರ್ ಹಿಡಿದ ಕೂಡಲೇ ಗೇಮುವಿನ ಬೆರಳುಗಳು ತಾವಾಗಿಯೇ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ಹೆಬ್ಬೆರಳಲ್ಲಿ ತಿರುಗಿಸುವ ಬಿಗಿಯಾದ ಕಡ್ಡಿಗಳು, ಬೆವರು ಕಾಣದ ಗುಂಡಿಗಳು. ಒಂದು ಕ್ಷಣ ಆಸೆಯಾಯಿತು. ಮರುಕ್ಷಣ ಅದೇ ಕೈಯಿಂದ ಕೆನ್ನೆಗೆ ಹೊಡೆದುಕೊಳ್ಳುವಷ್ಟು ನಾಚಿಕೆಯಾಯಿತು.

ಮ್ಯಾನೇಜರ್ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದ.

“ನಾಳೆ ಲೇಬರ್ ಆಫೀಸರ್ ಬರ್ತಾರೆ, ನಿಮ್ಮ ಭಾವನ ವಿಚಾರಣೆಗೆ. ಬೆರಳು ಹೋದ ಹಿಂದಿನ ರಾತ್ರಿ ನೀವಿಬ್ರೂ ಗೇಮ್ ಆಡ್ತಾ ಕೂತಿದ್ರಂತೆ?”

“ಆಡಿದ್ವಿ ಸಾರ್, ಆದ್ರೆ...”

“ಆದ್ರೆ ಗೀದ್ರೆ ಬೇಡ. ಆಡಿದ್ವಿ, ಅಷ್ಟೇ ಸಾಕು. ನಿದ್ದೆಗೆಟ್ಟಿದ್ದ, ಕೈ ತಡವಾಯ್ತು. ಅಚಾತುರ್ಯ. ಯಾರ ಮೇಲೂ ದೂರಿಲ್ಲ. ನೀನು ಇಷ್ಟು ಹೇಳು, ಪ್ರೆಸ್ಸಿಂದ ತೆಗೆದು ನಿನ್ನನ್ನ ಈ ಕೋಣೆಗೇ ಇನ್‌ಚಾರ್ಜ್ ಮಾಡ್ತೀನಿ. ಆಟ ಆಡಿಸೋದೇ ಕೆಲಸ. ಯಾರಿಗುಂಟು ಯಾರಿಗಿಲ್ಲ!”

ಒಂದೇ ಬಾಯಿ, ಎರಡು ನಾಲಿಗೆ. ಆಟ ಕೈಗೆ ಖುಷಿ ಕೊಡುತ್ತದೆ. ಆಟವೇ ಕೈ ತಿಂದುಹಾಕುತ್ತದೆ. ಕಾರ್ಖಾನೆಯ ಗೋಡೆಯೊಳಗೆ ಆಡಿದರೆ ಔದಾರ್ಯ, ಕಾರ್ಮಿಕನ ಮನೆಯಲ್ಲಿ ಆಡಿದರೆ ಅಪರಾಧ. ಗೇಮುವಿಗೆ ಬಾಯಿಗೆ ಬಂದದ್ದನ್ನು ಅಂದುಬಿಡಬೇಕೆನ್ನಿಸಿತು. ಅಂದದ್ದು ಮಾತ್ರ “ನೋಡ್ತೀನಿ ಸಾರ್.” ನಮ್ಮವರ ಬಾಯಿಗೆ ಅಷ್ಟರಮಟ್ಟಿಗಿನ ತಾಲೀಮು ಮೊದಲೇ ಆಗಿರುತ್ತದೆ.

ಭಾವನಿಗೆ ಆಟ ಹತ್ತಿಸಿದವನು ಅವನೇ. ಎಡ ಹೆಬ್ಬೆರಳು ಕಾಲು, ಬಲ ಹೆಬ್ಬೆರಳು ಕಣ್ಣು: ಮೊದಲ ಪಾಠ ಅದು. ಎಡಗಡ್ಡಿ ತಳ್ಳಿದರೆ ನಡೆಯುತ್ತೀಯ, ಬಲಗಡ್ಡಿ ತಿರುಗಿಸಿದರೆ ನೋಡುತ್ತೀಯ. ಭಾವನ ಕಾಲು ಚುರುಕು, ಕಣ್ಣು ಸೋಮಾರಿ. ಮುರುಕು ಸೇತುವೆಯ ಮೇಲೆ ಓಡಿ ಓಡಿ, ಮೇಲಿಂದ ಎರಗುವ ಬಲೆ ಕಾಣದೆ, ನೇರ ಪಾತಾಳಕ್ಕೆ ಬೀಳುತ್ತಿದ್ದ. “ಮೇಲೆ ನೋಡು ಭಾವ, ಮೇಲೆ ನೋಡು! ಬಲೆ ಯಾವಾಗ್ಲೂ ತಲೆ ಮೇಲೇ ಇರುತ್ತೆ!” ಎಂದು ಗೇಮು ಕೂಗಿ ಕೂಗಿ ದನಿ ಕೆಡಿಸಿಕೊಳ್ಳುತ್ತಿದ್ದ. ಬಿದ್ದ ಭಾವ ಕಂಟ್ರೋಲರನ್ನು ದೂರಿದರೆ ಗೇಮು ಬಿಡುತ್ತಿರಲಿಲ್ಲ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಬಿದ್ದದ್ದು ನಿನ್ನ ಕೈ ತಪ್ಪಿಗೆ. ಇನ್ನೊಂದ್ಸಲ ಆಡು.”

ಅದು ಅವನ ವ್ರತವಾಗಿತ್ತು. ಆಟವನ್ನು ದೂರುವವನು ಆಟಗಾರನೇ ಅಲ್ಲ. ಅವನ ಬದುಕಿನಲ್ಲಿ ಮಾತಿಗೆ ತಪ್ಪದ ಜಾಗವೆಂದರೆ ಆ ಟಿವಿಯ ಚೌಕಟ್ಟು ಒಂದೇ. ನಿನ್ನೆ ಇದ್ದ ಕಡೆಯೇ ಇವತ್ತೂ ಕಂದಕ ಇರುತ್ತದೆ. ನಿಯಮ ಮೊದಲೇ ಹೇಳುತ್ತದೆ, ನಡುವೆ ಬದಲಾಯಿಸುವುದಿಲ್ಲ. ನೂರು ಸಲ ಬಿದ್ದರೂ ಮೈಗೆ ಗಾಯವಿಲ್ಲದೆ ದಡಕ್ಕೆ ತಂದು ನಿಲ್ಲಿಸುತ್ತದೆ. ಬಾಡಿಗೆ ಮನೆಯೊಡೆಯ, ಸೂಪರ್‌ವೈಸರ್, ಆಸ್ಪತ್ರೆಯ ಕಿಟಕಿಯಾಚೆಯ ಗುಮಾಸ್ತ ಇವರಲ್ಲಿ ಯಾರು ಅಷ್ಟು ಸಾಚಾ?

ಹಾಗೆಂದು ಎಲ್ಲ ಆಟವೂ ಸಾಚಾ ಅಲ್ಲ. ಒಮ್ಮೆ ಅವನು ಕೊಂಡು ತಂದ ಡಿಸ್ಕೊಂದರಲ್ಲಿ ಗಟ್ಟಿಯಾಗಿ ಕಾಣುವ ನೆಲ ಯಾವ ಸುಳಿವೂ ಕೊಡದೆ ಕುಸಿಯುತ್ತಿತ್ತು. ಬಿರುಕಿಲ್ಲ, ಸದ್ದಿಲ್ಲ, ಕಲಿಯಲು ಏನೂ ಇಲ್ಲ. ಕಷ್ಟದ ಆಟ ಬೇರೆ, ಮೋಸದ ಆಟ ಬೇರೆ. ಗೇಮು ಡಿಸ್ಕು ಹಿಡಿದು ಅಂಗಡಿಗೆ ಹೋಗಿ, ಬೀದಿ ಜನ ಸೇರುವ ಹಾಗೆ ಜಗಳಾಡಿ ಹಿಂತಿರುಗಿಸಿ ಬಂದಿದ್ದ. ಅಂಗಡಿಯವನು ಇವತ್ತಿಗೂ ಅವನನ್ನು ಕಂಡರೆ ಷಟರ್ ಎಳೆಯುವ ನಾಟಕ ಮಾಡುತ್ತಾನೆ.

ಡಿಸ್ಕಿಗಾಗಿ ಬೀದಿ ರಂಪ ಮಾಡಿದ ಆ ಗಂಡು ಪ್ರೆಸ್ಸಿಗಾಗಿ ತುಟಿ ಪಿಟಕ್ಕೆಂದಿರಲಿಲ್ಲ.

ಪ್ರೆಸ್ಸಿಗೊಂದು ಕಬ್ಬಿಣದ ಜಾಲರಿಯಿದೆ. ತಗಡಿಟ್ಟು ಕೈ ಹಿಂತೆಗೆದ ಮೇಲೆ ಜಾಲರಿ ಕೆಳಗಿಳಿಯಬೇಕು. ಅದು ಇಳಿದರೆ ಮಾತ್ರ ಅಚ್ಚು ಬೀಳಬೇಕು. ಒಂದು ಉಸಿರಿನಷ್ಟು ತಡ. ಆ ಒಂದು ಉಸಿರು ಮ್ಯಾನೇಜರನಿಗೆ ದುಬಾರಿಯಾಗಿ ಕಂಡಿತು. ಸೂಪರ್‌ವೈಸರ್ ಇಕ್ಕಳ ಹಿಡಿದು ಬಂದು, ಎಲ್ಲ ಪ್ರೆಸ್ಸಿನ ಜಾಲರಿಯ ಕೊಂಡಿ ಕಳಚಿ, ಮೇಲೆತ್ತಿ, ತಂತಿಯಿಂದ ಬಿಗಿದುಹೋದ. ಆಮೇಲೆ ಪೆಡಲಿಗೆ ಕಾಲೊತ್ತಿದರೆ ಸಾಕು, ಅಚ್ಚು ಧೊಪ್ಪೆಂದು ಬೀಳುತ್ತಿತ್ತು. ಕೈ ಒಳಗಿದೆಯೋ ಹೊರಗಿದೆಯೋ ಕೇಳುವವರಿಲ್ಲ. ಎಲ್ಲರೂ ನೋಡಿದರು. ಗೇಮುವೂ ನೋಡಿದ. ಇನ್ನಷ್ಟು ಚುರುಕಾಗಿ ಕೈ ತೆಗೆದರಾಯಿತು ಅಂದುಕೊಂಡ. ಆಟಗಾರನಲ್ಲವೇ!

ಸಂಜೆ ಅಕ್ಕನ ಮನೆಗೆ ಹೋದರೆ ಹೊಸ್ತಿಲಲ್ಲೇ ಗೋಣಿಚೀಲವೊಂದು ಅವನ ಕಾಲಿಗೆ ತೊಡರಿತು. ಒಳಗಿದ್ದದ್ದು ಅವನ ಆಟದ ಪೆಟ್ಟಿಗೆ. ರಜೆಯ ದಿನ ಭಾವನ ಜೊತೆ ಆಡಲೆಂದು ಅಲ್ಲೇ ಇಟ್ಟಿದ್ದ.

“ಎತ್ಕೊಂಡು ಹೋಗು ಆ ಪೀಡೆನ,” ಒಳಗಿನಿಂದಲೇ ಅಕ್ಕ ಅಬ್ಬರಿಸಿದಳು. “ನನ್ನ ಗಂಡನ ಬೆರಳು ತಿಂದಾಯ್ತು. ಇನ್ನೇನು ತಿನ್ನೋಕೆ ಕಾದು ಕೂತಿದೆ ಇಲ್ಲಿ?”

“ಯಾರು ಹೇಳಿದ್ದು ನಿಂಗೆ, ಇದು ತಿಂತು ಅಂತ?”

“ಮ್ಯಾನೇಜರ್ ಮನೆಗೇ ಬಂದಿದ್ರು. ಹಣ್ಣು ಹಿಡ್ಕೊಂಡು. ಅಷ್ಟು ದೊಡ್ಡ ಮನುಷ್ಯ ಇದೇ ಕುರ್ಚಿ ಮೇಲೆ ಕೂತು, ನಿದ್ದೆಗೆಟ್ಟಿದ್ದಕ್ಕೇ ಹೀಗಾಯ್ತಮ್ಮ ಅಂತ ಎಷ್ಟು ಮರುಗಿದ್ರು ಗೊತ್ತಾ?”

ಗೇಮು ಭಾವನ ಕಡೆ ತಿರುಗಿದ. ಭಾವ ಬಿಳಿ ಗಂಟನ್ನು ಮಡಿಲಲ್ಲಿ ಮಲಗಿಸಿಕೊಂಡು ಗೋಡೆ ನೋಡುತ್ತಿದ್ದ.

“ಅವಳನ್ನ ಬೈಬೇಡ ಕಣೋ. ತಪ್ಪು ನಂದೇ. ಕೈ ಬೇಗ ತೆಗೀಬೇಕಿತ್ತು, ತೆಗೀಲಿಲ್ಲ. ನೀನೇ ಹೇಳ್ತಿದ್ದೆಯಲ್ಲ, ಬಿದ್ದರೆ ನಮ್ಮ ಕೈದೇ ತಪ್ಪು, ನೆಲ ಡೊಂಕು ಅನ್ಬಾರ್ದು ಅಂತ.”

ಗೇಮುವಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಸೋಫಾದಲ್ಲಿ ಕಾಲು ಚಾಚಿ ಅವನು ಹಾಸ್ಯಕ್ಕೆ ಬಿತ್ತಿದ ಮಾತು ಈ ಮನುಷ್ಯನ ಎದೆಯಲ್ಲಿ ಮುಳ್ಳುಗಂಟಿಯಾಗಿ ಬೆಳೆದಿತ್ತು. ಮ್ಯಾನೇಜರನ ಕೆಲಸ ಅರ್ಧ ಮುಗಿದಿತ್ತು, ಅದೂ ಗೇಮುವಿನ ಕೈಯಿಂದಲೇ. ಬಡವನ ಬೆನ್ನಿಗೆ ಚಾಟಿ ಬೀಸುವ ಅಗತ್ಯ ಈಗ ಯಾರಿಗೂ ಇಲ್ಲ. ಚಾಟಿಯನ್ನು ಅವನ ಕೈಗೇ ಕೊಟ್ಟರಾಯಿತು, ಲೆಕ್ಕ ತಪ್ಪದಂತೆ ತಾನೇ ಹೊಡೆದುಕೊಳ್ಳುತ್ತಾನೆ.

“ಅಕ್ಕಾ,” ಅಂದ. “ಅವತ್ತು ಊಟ ಆದ ಮೇಲೆ ಎಷ್ಟು ಹೊತ್ತು ಆಡಿದ್ವಿ?”

“ನಂಗೇನು ಗೊತ್ತು!”

“ಗೊತ್ತು ನಿಂಗೆ. ಭಾವ ಸೇತುವೆನೂ ದಾಟಲಿಲ್ಲ. ಕಂಟ್ರೋಲರ್ ಹಿಡ್ಕೊಂಡೇ ಗೊರಕೆ ಹೊಡೆದ್ರು. ಹೊದಿಕೆ ತಂದು ಹೊದಿಸಿದ್ದು ಯಾರು?”

ಅಕ್ಕ ತನ್ನ ಎರಡೂ ಅಂಗೈಗಳನ್ನು ಮುಂದೆ ಹಿಡಿದು, ಯಾರದೋ ಕೈ ನೋಡುವವಳ ಹಾಗೆ ನೋಡಿಕೊಂಡಳು.

“ನಾನೇ,” ಅಂದಳು ಕೊನೆಗೆ. “ನಾನೇ ಹೊದಿಸ್ದೆ. ಬೆಳಿಗ್ಗೆ ಏಳ್ಸೋವಾಗ ಬೈದೆ ಕೂಡ, ಕುಂಭಕರ್ಣನ ಹಾಗೆ ಮಲಗಿದ್ದೀರಲ್ಲ ಅಂತ.” ಆಮೇಲೆ ಹಲ್ಲು ಕಚ್ಚಿದಳು. “ಇಸ್ತ್ರಿ ಅಂಗಿ ಹಾಕ್ಕೊಂಡು ಬಂದವನು ಹೇಳಿದ ಅಂತ, ನನ್ನ ಕೈ ಮಾಡಿದ್ದನ್ನ ನಾನೇ ಮರೆತೆನಲ್ಲೋ!”

ಮಾರನೆಯ ದಿನ ಮ್ಯಾನೇಜರ್ ಒಂದೇ ಕಲ್ಲಿಗೆ ಎರಡು ಹಕ್ಕಿ ಹೊಡೆಯಲು ಹೊರಟಿದ್ದ. ವಿಶ್ರಾಂತಿ ಕೋಣೆಯ ಉದ್ಘಾಟನೆ, ಅದನ್ನು ನೋಡಿ ಕಣ್ಣು ತಂಪು ಮಾಡಿಕೊಂಡ ಆಫೀಸರಿಂದ ವಿಚಾರಣೆ. ಆಫೀಸರ್ ಟೀ ಹಿಡಿದು ಮೆತ್ತನೆ ಕುರ್ಚಿಯಲ್ಲಿ ಕೂತಿದ್ದ. ಗೋಡೆಗುಂಟ ಕಾರ್ಮಿಕರು ನಿಂತಿದ್ದರು. ಹೇಳಿಕೆ ಕೊಡಲು ಬಂದ ಭಾವನಿಗೆ ಬಾಗಿಲ ಬಳಿ ಸ್ಟೂಲು, ಪಕ್ಕದಲ್ಲಿ ಅಕ್ಕ. ಮೊದಲ ಆಟ ಮ್ಯಾನೇಜರನಿಗೂ ಗೇಮುವಿಗೂ. ಫೋಟೋ ತೆಗೆಯಲು ಸೂಪರ್‌ವೈಸರ್ ಸಿದ್ಧನಾಗಿದ್ದ.

ಮ್ಯಾನೇಜರ್ ನಗುತ್ತ ನಗುತ್ತ ಮೊದಲ ಕಂದಕಕ್ಕೆ ಬಿದ್ದ. ನಗು ಕಡಿಮೆ ಮಾಡಿ ಮತ್ತೆ ಅದಕ್ಕೇ ಬಿದ್ದ. ಮೂರನೆಯ ಸಲ ಬಿದ್ದಾಗ ಮುಖ ಕೆಂಪಾಯಿತು.

“ಥತ್! ಈ ಕಂಟ್ರೋಲರೇ ಸರಿಯಿಲ್ಲ!”

ಗೇಮು ತನ್ನದನ್ನು ತೊಡೆಯ ಮೇಲಿಟ್ಟ.

“ಹೊಸದು ಸಾರ್ ಅದು, ನಾನೇ ಜೋಡಿಸಿದ್ದು. ಯಾಕೆ, ರಾತ್ರಿ ನಿದ್ದೆಗೆಟ್ರಾ?”

ಮೊದಲು ನಕ್ಕವನು ಮ್ಯಾನೇಜರನೇ. ತನ್ನ ಹಿಂದೆ ಎಲ್ಲರೂ ನಗುವರೆಂದು ಅಭ್ಯಾಸಬಲದಿಂದ ಕಾದ. ಗೋಡೆಗುಂಟ ನಿಂತವರಲ್ಲಿ ಒಬ್ಬನೂ ತುಟಿ ಅಲುಗಿಸಲಿಲ್ಲ. ಅವನ ನಗು ಕೋಣೆಯಲ್ಲಿ ಅನಾಥವಾಗಿ ಒಂದು ಸುತ್ತು ಹಾಕಿ ಸತ್ತಿತು.

“ಏನಪ್ಪಾ ಅದು?” ಆಫೀಸರ್ ಟೀ ಕೆಳಗಿಟ್ಟ.

“ನಿಮ್ಮ ಹತ್ರ ಸುಳ್ಳು ಹೇಳು ಅಂತ ಹೇಳ್ಕೊಟ್ಟಿದ್ರು ಸಾರ್. ಭಾವ ನಿದ್ದೆಗೆಟ್ಟಿದ್ದಕ್ಕೆ ಬೆರಳು ಹೋಯ್ತು ಅಂತ. ನಾನು ಹೇಳಲ್ಲ.”

“ನನ್ನ ಗಂಡ ಆ ರಾತ್ರಿ ಹೊದ್ದು ಮಲಗಿದ್ರು,” ಅಕ್ಕ ಸ್ಟೂಲಿನ ಪಕ್ಕದಿಂದಲೇ ಎತ್ತರಿಸಿದ ದನಿಯಲ್ಲಿ ಹೇಳಿದಳು. “ಹೊದಿಸಿದವಳು ನಾನು. ಬರ್ಕೊಳ್ಳಿ. ಹಣ್ಣು ತಿನ್ಸಿ ಮರೆಸೋಕೆ ನೋಡಿದ್ರು.”

“ಬೆರಳು ಹೋಗಿದ್ದು ಜಾಲರಿ ಇಲ್ದೇ ಇದ್ದದ್ದಕ್ಕೆ,” ಗೇಮು ಅಂದ. “ತಂತೀಲಿ ಮೇಲಕ್ಕೆ ಕಟ್ಟಿದ್ರು. ನಾವೆಲ್ಲ ನೋಡ್ಕೊಂಡು ಸುಮ್ನಿದ್ವಿ.”

“ಶುದ್ಧ ಸುಳ್ಳು!” ಮ್ಯಾನೇಜರ್ ಎದ್ದ. “ಬನ್ನಿ ಸಾರ್, ಕಣ್ಣಾರೆ ನೋಡಿ.”

ಗೋಡೆಯಾಚೆ ಹೋಗಿ ನೋಡಿದರೆ ನಿಜಕ್ಕೂ ಎಲ್ಲ ಸರಿಯಿತ್ತು. ರಾತ್ರೋರಾತ್ರಿ ಜಾಲರಿ ಇಳಿಸಿ, ಪ್ರೆಸ್ಸುಗಳಿಗೆ ಹಸಿರು ಬಣ್ಣ ಬಳಿದಿದ್ದರು, ಇನ್ನೂ ವಾಸನೆ ಹೋಗಿರಲಿಲ್ಲ. ಸೂಪರ್‌ವೈಸರ್ ಕಾಲೊತ್ತಿದ, ಜಾಲರಿ ವಿಧೇಯ ಸೊಸೆಯಂತೆ ತಲೆ ತಗ್ಗಿಸಿ ಇಳಿಯಿತು, ಆಮೇಲಷ್ಟೇ ಅಚ್ಚು ಬಿತ್ತು. ಆಫೀಸರ್ ತಲೆಯಾಡಿಸಿದ. ಸಾಲು ಸಾಲು ಪ್ರೆಸ್ಸು, ಎಲ್ಲವೂ ಸಾಧು. ಇದು ಅದೇ ಮೋಸದ ಡಿಸ್ಕು: ಬಿರುಕು ಮುಚ್ಚಿಟ್ಟು ಬಿದ್ದವನನ್ನೇ ಕುರುಡ ಅನ್ನುವ ಆಟ.

ಆಗ ಎಲ್ಲರ ಹಿಂದೆ ನಡೆದು ಬಂದಿದ್ದ ಭಾವ ಹೇಳಿದ:

“ಮೇಲೆ ನೋಡಿ ಸಾರ್.”

ಎಲ್ಲರೂ ತಲೆಯೆತ್ತಿದರು. ಜಾಲರಿಯ ನೆತ್ತಿಯ ಅಡ್ಡಕಂಬಿಗೆ ಇಕ್ಕಳದಲ್ಲಿ ಕತ್ತರಿಸಿ ಬಿಟ್ಟ ತಂತಿಯ ತಿರುಚು ಗಂಟು ಕಚ್ಚಿಕೊಂಡಿತ್ತು. ಅವಸರದಲ್ಲಿ ಬಳಿದವನು ಅದಕ್ಕೂ ಹಸಿರು ಬಳಿದಿದ್ದ. ಪಕ್ಕದ ಪ್ರೆಸ್ಸಿನ ಮೇಲೂ ಹಸಿರು ಗಂಟು. ಅದರಾಚೆಯದರ ಮೇಲೂ. ಸಾಲಿನುದ್ದಕ್ಕೂ ಹಸಿರು ಮುಳ್ಳು.

“ಬಲೆ ಯಾವಾಗ್ಲೂ ತಲೆ ಮೇಲೇ ಇರುತ್ತೆ,” ಅಂದ ಭಾವ, ಯಾರಿಗೆಂದು ಹೇಳದೆ. “ಕೂಗಿ ಕೂಗಿ ಹೇಳ್ತಿದ್ದ ಇವನು. ನಾನು ನೋಡ್ತಿರಲಿಲ್ಲ.”

ಆಫೀಸರ್ ಫೋನು ತೆಗೆದು ಗಂಟಿನ ಫೋಟೋ ತೆಗೆದ. ಉದ್ಘಾಟನೆಯ ದಿನ ತೆಗೆದ ಫೋಟೋ ಅದೊಂದೇ.

ನ್ಯಾಯ ಗೆದ್ದಿತು ಎಂದು ಯಾರಾದರೂ ಚಪ್ಪಾಳೆ ತಟ್ಟುವುದಿದ್ದರೆ ಕೈ ಕೆಳಗಿಳಿಸಲಿ. ತಪ್ಪು ಭಾವನದಲ್ಲ ಎಂದು ತೀರ್ಮಾನವಾಯಿತು, ಅಷ್ಟು ದಕ್ಕಿತು. ಆದರೆ ತಂತಿ ಕಟ್ಟಿದವನು ಸೂಪರ್‌ವೈಸರ್, ಕಟ್ಟು ಎಂದವನು ಯಾರೂ ಇಲ್ಲ ಎಂದೂ ತೀರ್ಮಾನವಾಯಿತು. ಅವನನ್ನು ಮನೆಗೆ ಕಳಿಸಿದರು. ಮ್ಯಾನೇಜರ್ ಅದೇ ಇಸ್ತ್ರಿ ಅಂಗಿಯಲ್ಲಿ ಅದೇ ಕುರ್ಚಿಯಲ್ಲಿ ಕೂತಿದ್ದಾನೆ. ಆಟದ ಪೆಟ್ಟಿಗೆ ರಿಪೇರಿಗೆಂದು ಹೋದದ್ದು ತಿರುಗಿ ಬರಲಿಲ್ಲ. ನಲ್ಲಿ ಇನ್ನೂ ಒಣಗಿದೆ. ಗೇಮುವನ್ನು ಪ್ರೆಸ್ಸಿಂದ ತೆಗೆದು, ಕೊಟ್ಟ ಮಾತು ಉಳಿಸಿಕೊಂಡವರ ಹಾಗೆ, ಲಾರಿಗೆ ಪೆಟ್ಟಿಗೆ ಹೊರುವ ಕೆಲಸಕ್ಕೆ ಹಾಕಿದರು. ಅಲ್ಲಿ ಪೆಟ್ಟಿಗೆ ಎತ್ತುವ ಸರಪಳಿ ತುಕ್ಕು ಹಿಡಿದಿದೆ ಎಂದು ಅವನು ಮೊದಲ ದಿನವೇ ಜಗಳ ತೆಗೆದ. ಈಗ ಅವನ ಜೊತೆ ಇನ್ನೂ ನಾಲ್ಕಾರು ಜನ ಬಾಯಿ ಮಾಡುತ್ತಾರೆ.

ರಜೆಯ ದಿನ ಮಧ್ಯಾಹ್ನ ಅಕ್ಕ ಗೋಣಿಚೀಲ ಬಿಚ್ಚಿ, ಪೆಟ್ಟಿಗೆಯ ಧೂಳನ್ನು ಸೆರಗಿನಲ್ಲಿ ಒರೆಸಿ ಟಿವಿಯ ಕೆಳಗಿಟ್ಟಳು. “ಗಲಾಟೆ ಮಾಡಿದ್ರೆ ಮತ್ತೆ ಚೀಲಕ್ಕೇ ಹೋಗುತ್ತೆ,” ಎಂದು ಗದರಿಸಿದಳು. ಭಾವ ಕಂಟ್ರೋಲರಿನ ಎಡ ತುದಿ ಹಿಡಿದ, ಗೇಮು ಬಲ ತುದಿ. ಕಾಲು ಭಾವನದು, ಕಣ್ಣು ಗೇಮುವಿನದು. ಒಂದೇ ಕಂಟ್ರೋಲರಿಗೆ ಇಬ್ಬರು ಭುಜಕ್ಕೆ ಭುಜ ಒತ್ತಿ ಕೂತರು. ಸೇತುವೆ ಬಂತು. ಗೇಮು ಮೇಲೆ ತೋರಿಸಿದ, ಬಲೆಯೂ ಕಂಡಿತು. ಆದರೂ ಭಾವ ಎಂದಿನಂತೆ ಮುನ್ನುಗ್ಗಿ ಪಾತಾಳಕ್ಕೆ ಬಿದ್ದ.

“ನೆಲ ಡೊಂಕು ಕಣೋ!” ಅಂದ ಭಾವ.

“ಇಲ್ಲ ಭಾವ. ಡೊಂಕು ನೆಲ ಯಾವುದು ಅಂತ ಇಬ್ರಿಗೂ ಗೊತ್ತು. ಇಲ್ಲಿ ಬಿದ್ದದ್ದು ನಿನ್ನದೇ ತಪ್ಪು.”

ಭಾವ ನಗಲಿಲ್ಲ. ಎಡ ಹೆಬ್ಬೆರಳನ್ನು ಕಡ್ಡಿಯ ಮೇಲೆ ಮತ್ತೆ ಊರಿದ.

“ಹಾಗಿದ್ರೆ ಸರಿ,” ಅಂದ. “ಇನ್ನೊಂದ್ಸಲ.”