ತಲೆಕೆಳಗಾದ ಲೋಟ

ತ್ಯಾವಣಿಗೆಯ ಮುರುಗೇಶಪ್ಪನ ಮಗಳು ಸರ್ವಮಂಗಳಾಗೆ ಹಾಡು ಬರುತ್ತಿರಲಿಲ್ಲ. ರಂಗೋಲಿಯೂ ಅಷ್ಟಕ್ಕಷ್ಟೆ. ಆದರೆ ಭಾನುವಾರ ಬಂತೆಂದರೆ ಓಣಿಯ ಮಕ್ಕಳೆಲ್ಲ ಅವಳ ಮನೆ ಜಗಲಿಯಲ್ಲೇ. ನೀರಲ್ಲಿ ಮುಳುಗಿದ ಆಲೂಗಡ್ಡೆಯನ್ನು ಉಪ್ಪು ಹಾಕಿ ತೇಲಿಸುತ್ತಿದ್ದಳು. ಬಾಚಣಿಗೆಯನ್ನು ತಲೆಗೂದಲಿಗೆ ಉಜ್ಜಿ ಕಾಗದದ ಚೂರುಗಳನ್ನು ಕುಣಿಸುತ್ತಿದ್ದಳು. ಹೈಸ್ಕೂಲಿನಲ್ಲಿ ಕಲಿತದ್ದು ಸ್ವಲ್ಪ, ಅಡುಗೆಮನೆಯಲ್ಲಿ ತಾನೇ ಮಾಡಿ ನೋಡಿದ್ದು ಬಹಳ. “ಉಪ್ಪೆಲ್ಲ ನಿನ್ನ ಹುಡುಗ್ರಿಗೇ ಆತು” ಎಂದು ತಾಯಿ ಶಿವಗಂಗಮ್ಮ ಗೊಣಗುತ್ತಲೇ ಇನ್ನೊಂದು ಹಿಡಿ ಕೊಡುತ್ತಿದ್ದಳು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ನ್ಯಾಮತಿಯಿಂದ ಅವಳನ್ನು ನೋಡಲು ಬಂದರು. ಹುಡುಗ ಚನ್ನೇಶ, ಅವನ ತಂದೆ ಬಸವರಾಜಪ್ಪ, ತಾಯಿ ಅನ್ನಪೂರ್ಣಮ್ಮ. “ನಿನ್ನ ಆಟಗಳ ಸುದ್ದಿ ಎತ್ತಬ್ಯಾಡ” ಎಂದು ಮುರುಗೇಶಪ್ಪ ಮಗಳಿಗೆ ಮೊದಲೇ ಹೇಳಿಟ್ಟಿದ್ದ.

“ಹಾಡು ಬರ್ತೈತೇನಮ್ಮ?” ಅನ್ನಪೂರ್ಣಮ್ಮ ಕೇಳಿದರು.

“ಇಲ್ಲರೀ.”

ಬಾಗಿಲಲ್ಲಿ ಇಣುಕುತ್ತಿದ್ದ ಪಕ್ಕದ ಮನೆಯ ಪುಟ್ಟ ಹುಡುಗಿ ಉಡಚಮ್ಮನಿಗೆ ತಡೆಯಲಾಗಲಿಲ್ಲ. “ನಮ್ಮಕ್ಕಂಗೆ ನೀರು ತಲೆಕೆಳಗೆ ನಿಲ್ಲಿಸಾಕೆ ಬರ್ತೈತೆ!”

ಮುರುಗೇಶಪ್ಪ ಕಣ್ಣು ಬಿಟ್ಟ. ಅನ್ನಪೂರ್ಣಮ್ಮ ಮಾತ್ರ ಮುಂದಕ್ಕೆ ಸರಿದು ಕೂತು, “ಹೆಂಗೆ? ನೋಡೋಣ” ಎಂದರು.

ಸರ್ವಮಂಗಳಾ ಲೋಟದ ತುಂಬ ನೀರು ತಂದಳು. ಹಳೇ ಕ್ಯಾಲೆಂಡರಿನ ರಟ್ಟಿನ ತುಂಡು ಮುಚ್ಚಿ, ಅಂಗೈಯಲ್ಲಿ ಒತ್ತಿ ಹಿಡಿದು ಲೋಟ ಬೋರಲು ಮಾಡಿ, ಮೆಲ್ಲಗೆ ಕೈ ತೆಗೆದಳು. ಒಂದು ಹನಿಯೂ ಬೀಳಲಿಲ್ಲ.

“ಮಂತ್ರ ಹಾಕಿದ್ಯೇನೇ?” ಅನ್ನಪೂರ್ಣಮ್ಮ ಕೇಳಿದರು.

“ಮಂತ್ರ ಏನಿಲ್ಲರೀ. ಗಾಳಿ ಕೆಳಗಿಂದ ರಟ್ಟನ್ನ ಒತ್ತಿ ಹಿಡಿದೈತೆ.”

“ತಾರಮ್ಮ ಇಲ್ಲಿ” ಎಂದು ಬಸವರಾಜಪ್ಪ ಲೋಟ ಇಸಕೊಂಡರು. ರಟ್ಟು ಸರಿಯಾಗಿ ಕೂರುವ ಮೊದಲೇ ತಿರುಗಿಸಿದರು. ನೀರೆಲ್ಲ ಅವರ ಇಸ್ತ್ರಿ ಪಂಚೆಯ ಮೇಲೆ! ಮುರುಗೇಶಪ್ಪನ ಮುಖ ಬಿಳಿಚಿತು. ಸಂಬಂಧವೂ ನೀರಿನ ಜೊತೆ ಹೋಯಿತು ಎಂದೇ ಅವನ ಲೆಕ್ಕ.

ಅನ್ನಪೂರ್ಣಮ್ಮ ಸೆರಗು ಬಾಯಿಗೊತ್ತಿಕೊಂಡು ನಗತೊಡಗಿದರು. “ಎಲ್ಲಾ ನಂಗೊತ್ತು ಅಂತಿದ್ರಿ! ಈಗ ಹೇಳ್ರಿ!” ಬಸವರಾಜಪ್ಪ ಪಂಚೆ ಹಿಂಡುತ್ತಾ ತಾವೂ ನಕ್ಕರು.

ಚನ್ನೇಶ ಮುಂದಕ್ಕೆ ಬಾಗಿ ಕೇಳಿದ: “ಅಪ್ಪಾಜಿ ತಪ್ಪಿದ್ದೆಲ್ಲಿ?”

“ಅಂಚಿನಾಗೆ ಸಂದು ಬಿಟ್ರು. ಅಲ್ಲಿಂದ ಗಾಳಿ ಒಳಗೆ ಹೋತು.” ಮೊದಲ ಸಲ ಅವಳು ಅವನ ಮುಖ ನೋಡಿದಳು. ಅವನು ತಾನೇ ಎದ್ದು ಹೋಗಿ ಲೋಟ ತುಂಬಿಕೊಂಡು ಬಂದು ನೀರನ್ನು ತಲೆಕೆಳಗೆ ನಿಲ್ಲಿಸಿಯೇ ತೋರಿಸಿದ.

ನ್ಯಾಮತಿಯವರು ಒಪ್ಪಿದರು. ಸರ್ವಮಂಗಳಾ ಒಪ್ಪುವ ಮುನ್ನ ಅಪ್ಪನ ಕೈಲಿ ಒಂದೇ ಮಾತು ಕೇಳಿಸಿದಳು: ಭಾನುವಾರ ಮನೆಗೆ ಮಕ್ಕಳು ಬರಬಹುದಾ? “ಬರಲಿ ಬಿಡ್ರಿ, ಮನೆ ತುಂಬಿದಂಗಾಗ್ತೈತೆ” ಎಂದು ಅನ್ನಪೂರ್ಣಮ್ಮ ಹೇಳಿ ಕಳಿಸಿದರು.

ಮದುವೆಯಾದ ಮೇಲಿನ ಮೊದಲ ಭಾನುವಾರ ಒಬ್ಬರೂ ಬರಲಿಲ್ಲ. ಹೊಸ ಊರು, ಯಾರಿಗೆ ಗೊತ್ತು? ಸೊಸೆಯ ಸಪ್ಪೆ ಮುಖ ನೋಡಿದ ಅನ್ನಪೂರ್ಣಮ್ಮ ಚಪ್ಪಲಿ ಮೆಟ್ಟಿ ಹೊರಟರು. ಬಂದಾಗ ಹಿಂದೆ ಐದಾರು ಮಕ್ಕಳು. ತಾವೂ ಅವರ ನಡುವೆ ಚಕ್ಕಂಬಕ್ಕಳ ಹಾಕಿ ಕೂತರು.

ಸರ್ವಮಂಗಳಾ ಅರಿಸಿನ ಕಲಸಿದ ನೀರಿಗೆ ಚಿಟಿಕೆ ಸುಣ್ಣ ಹಾಕಿದಳು. ನೀರು ಕೆಂಪಾಯಿತು. ಮಕ್ಕಳು ಹೋ ಎಂದವು.

“ಅಯ್ಯ, ಇದು ಆರತಿ ನೀರು! ಹಬ್ಬಕ್ಕೆಲ್ಲ ನಾವು ಮಾಡೋದೇ” ಎಂದರು ಅತ್ತೆ.

“ಹೌದ್ರಿ ಅತ್ತೆ. ಈಗ ನೋಡ್ರಿ.” ನಿಂಬೆಹಣ್ಣು ಹಿಂಡಿದಳು. ಕೆಂಪು ಕರಗಿ ನೀರು ಮತ್ತೆ ಹಳದಿಯಾಯಿತು.

ಇಷ್ಟು ವರ್ಷ ಆರತಿ ಎತ್ತಿದ ಅನ್ನಪೂರ್ಣಮ್ಮ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ಪಕ್ಕದ ಮಗುವನ್ನು ಮೊಣಕೈಯಿಂದ ಸರಿಸಿ, “ತಡಿ, ಇನ್ನೊಂದು ಸಲ ನಾನು ಮಾಡ್ತೀನಿ” ಎಂದರು.